ಕಡಲಿನ ಸದ್ದು ಹುಡುಕಿಕೊಂಡು ಹೋದ ಚಳಿಗಾಲ

ನಮ್ಮ ಮಲಗುವ ಕೋಣೆಯಲ್ಲಿ ಫ್ಯಾನ್ ಆರಿಸಿದ ರಾತ್ರಿಯೇ ಇಲ್ಲ. ಮಿಷಿಗನ್ನಿನ ಜನವರಿಯಲ್ಲೂ ಇವರಿಗೆ ಫ್ಯಾನ್ ತಿರುಗುತ್ತಿರಬೇಕು. ಗಾಳಿ ಬೇಕು ಅಂತಲ್ಲ, ಆ ಗುಂಯ್ ಅನ್ನುವ ಸದ್ದಿಲ್ಲದಿದ್ದರೆ ಇವರಿಗೆ ನಿದ್ದೆ ಹತ್ತುವುದಿಲ್ಲ. ಹಾಸನದ ಹಾಸ್ಟೆಲಿನಲ್ಲಿದ್ದಾಗ ಆದ ಅಭ್ಯಾಸವಂತೆ.

ನನಗೆ ಬೇಕಾದ ಸದ್ದೇ ಬೇರೆ. ನಾನು ಹುಟ್ಟಿ ಬೆಳೆದದ್ದು ಕುಂದಾಪುರದಿಂದ ಉತ್ತರಕ್ಕೆ, ಮರವಂತೆಯ ಹತ್ತಿರ. ಒಂದು ಕಡೆ ಸೌಪರ್ಣಿಕಾ ನದಿ, ಇನ್ನೊಂದು ಕಡೆ ಕಡಲು, ನಡುವೆ ಹೆದ್ದಾರಿ. ಮಳೆಗಾಲ ಬಂತೆಂದರೆ ಕಡಲು ರಾತ್ರಿಯಿಡೀ ಮೊರೆಯುತ್ತಿತ್ತು. ಪಕ್ಕದಲ್ಲಿ ಮಲಗಿದ ಅಜ್ಜಿ ಮಾತಾಡಿದರೂ ಕೇಳಿಸುತ್ತಿರಲಿಲ್ಲ. 1984ರಲ್ಲಿ ಮದುವೆಯಾಗಿ ಡೆಟ್ರಾಯಿಟ್ ಕಡೆಗೆ ಬಂದೆ. ಇಲ್ಲಿಯೂ ಸಮುದ್ರದಂಥ ಸರೋವರಗಳಿವೆ, ನಿಜ. ಆದರೆ ಆ ನೀರಿಗೆ ಉಪ್ಪಿನ ವಾಸನೆ ಇಲ್ಲ. ನಲವತ್ತು ವರ್ಷ ನಾನು ಕಡಲಿನ ಸದ್ದು ಕೇಳುತ್ತಾ ಮಲಗಿದ್ದು ಊರಿಗೆ ಹೋದಾಗ ಮಾತ್ರ. ಅದೂ ನಾಲ್ಕು ವರ್ಷಕ್ಕೊಮ್ಮೆ, ಹೆಚ್ಚೆಂದರೆ ಹತ್ತು ದಿನ.

ನಾವಿಬ್ಬರೂ ನಿವೃತ್ತರಾದ ಮೇಲೆ ಚಳಿ ಜಾಸ್ತಿ ಕಾಡತೊಡಗಿತು. ಬೆಳಿಗ್ಗೆ ಎದ್ದರೆ ನನ್ನ ಕೈಬೆರಳ ಗಂಟುಗಳು ಸೆಟೆದುಕೊಂಡಿರುತ್ತಿದ್ದವು. ಚಪಾತಿ ಹಿಟ್ಟು ಕಲಸಲು ಆಗುತ್ತಿರಲಿಲ್ಲ. ನಮ್ಮ ಬೀದಿಯಲ್ಲೇ ಒಂದು ಜೋಡಿ ಇದೆ, ನಮಗಿಂತ ಹಿರಿಯರು. ಪ್ರತಿ ವರ್ಷ ಕ್ರಿಸ್‌ಮಸ್ ಮುಗಿದ ಕೂಡಲೇ ಆರ್‌ವಿ, ಅಂದರೆ ಒಳಗೆ ಮನೆಯೇ ಇರುವ ಗಾಡಿ, ಹತ್ತಿ ದಕ್ಷಿಣಕ್ಕೆ ಹೋಗಿಬಿಡುತ್ತಾರೆ. ಇಂಥವರಿಗೆ ಇಲ್ಲಿ ಸ್ನೋಬರ್ಡ್ ಅನ್ನುತ್ತಾರೆ. ಚಳಿಗೆ ವಲಸೆ ಹೋಗುವ ಹಕ್ಕಿಗಳ ಹಾಗೆ. ಟೆಕ್ಸಸ್‌ಗೆ ಹೋದರೆ ಅಲ್ಲಿಯವರು ಪ್ರೀತಿಯಿಂದ ವಿಂಟರ್ ಟೆಕ್ಸನ್ ಅಂತಲೂ ಕರೆಯುತ್ತಾರೆ. ಒಂದು ಸಂಜೆ ಅವರ ಗಾಡಿಯೊಳಗೆ ಹತ್ತಿ ನೋಡಿದೆ. ಒಲೆ, ಫ್ರಿಜ್, ಮಂಚ, ಬಚ್ಚಲು ಎಲ್ಲ ಇತ್ತು. ಅಡುಗೆ ನಮ್ಮದೇ, ಹಾಸಿಗೆ ನಮ್ಮದೇ, ಕಿಟಕಿಯ ಹೊರಗೆ ಮಾತ್ರ ಬೇರೆ ಊರು. ಮನೆಗೆ ಬಂದು ಇವರಿಗೆ ಹೇಳಿದೆ, ‘ನನ್ನನ್ನು ಒಂದು ಚಳಿಗಾಲ ಕಡಲಿನ ಹತ್ತಿರ ಮಲಗಿಸಿ.’

2024ರ ಬೇಸಿಗೆಯಲ್ಲಿ ಗಾಡಿ ಕೊಂಡೆವು. ಹಳೆಯದು, 24 ಅಡಿ ಉದ್ದದ ಕ್ಲಾಸ್ ಸಿ. ಕ್ಲಾಸ್ ಸಿ ಅಂದರೆ ಮುಂದೆ ವ್ಯಾನಿನ ಮೂತಿ, ಅದರ ಮೇಲೆ ಹಣೆಯಂತೆ ಚಾಚಿದ ಅಟ್ಟ, ಹಿಂದೆ ಮನೆ. ಅಡಿಯಲ್ಲಿರುವುದು ಫೋರ್ಡ್ ಇ-450 ಚಾಸಿ. ಪೆಟ್ರೋಲ್ ಟ್ಯಾಂಕಿಗೆ 55 ಗ್ಯಾಲನ್ ಹಿಡಿಯುತ್ತದೆ, ಗ್ಯಾಲನ್ನಿಗೆ ನಮಗೆ ಸಿಕ್ಕಿದ್ದು ಎಂಟೊಂಬತ್ತು ಮೈಲಿ. ಚಾವಣಿಗೆ ಹೊಸದಾಗಿ ಸೀಲ್ ಹಾಕಿಸಿದ್ದೇವೆ ಅಂತ ಮಾರಿದವರು ಹೇಳಿದ್ದರು. ಮೊದಲ ದೊಡ್ಡ ಮಳೆಗೆ ಹಾಸಿಗೆಯ ಮೇಲಿನ ಮೂಲೆ ಒದ್ದೆಯಾಯಿತು. ಕೇಳಿದರೆ ಅವರು ಕೈ ಚೆಲ್ಲಿದರು. ಇವರೇ ಏಣಿ ಹಾಕಿ ಹತ್ತಿ, ಹಳೆಯ ಸೀಲೆಲ್ಲ ಕೆರೆದು, ಹೊಸದು ಹಾಕಲು ನಾಲ್ಕು ದಿನ ಬೇಕಾಯಿತು. ಹಳೆಯ ಆರ್‌ವಿ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಎಂಜಿನ್ ಆಮೇಲೆ ನೋಡಿ, ಮೊದಲು ಚಾವಣಿ ಹತ್ತಿ. ಒಳಗಿನ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಗೋಡೆ ಕೊಳೆತಿದೆ ಅಂತಲೇ ಅರ್ಥ.

ಮಗಳಿಗೆ ಭಯ. ದಾರಿಯಲ್ಲಿ ಆರೋಗ್ಯ ಕೆಟ್ಟರೆ ಏನು ಗತಿ ಅಂತ. ಆ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ನಾವು ಒರಿಜಿನಲ್ ಮೆಡಿಕೇರ್, ಅಂದರೆ ವಯಸ್ಸಾದವರಿಗೆ ಸರ್ಕಾರವೇ ನಡೆಸುವ ಆರೋಗ್ಯ ವಿಮೆ, ಇಟ್ಟುಕೊಂಡಿದ್ದೆವು. ಅದನ್ನು ಒಪ್ಪುವ ಡಾಕ್ಟರು ದೇಶದ ಯಾವ ಮೂಲೆಯಲ್ಲಿದ್ದರೂ ತೋರಿಸಬಹುದು. ಅದರ ಬದಲು ಖಾಸಗಿ ಕಂಪನಿಯ ಅಡ್ವಾಂಟೇಜ್ ಪ್ಲಾನ್ ಇರುವವರಾದರೆ, ಯಾವ ಯಾವ ಡಾಕ್ಟರು ಅದರ ನೆಟ್‌ವರ್ಕಿನಲ್ಲಿದ್ದಾರೆ ಅಂತ ಹೊರಡುವ ಮುಂಚೆ ವಿಚಾರಿಸಿಕೊಳ್ಳಲೇಬೇಕು. ಮೂರು ತಿಂಗಳ ಮಾತ್ರೆ ಒಟ್ಟಿಗೇ ತೆಗೆದುಕೊಂಡೆವು. ಇನ್ನೊಂದು ಕೆಲಸ ಮಾಡಿದ್ದು ಸೀನಿಯರ್ ಪಾಸ್. 62 ವರ್ಷ ದಾಟಿದವರಿಗೆ 80 ಡಾಲರ್, ಜೀವನಪೂರ್ತಿ ನಡೆಯುತ್ತದೆ. ರಾಷ್ಟ್ರೀಯ ಉದ್ಯಾನಗಳಿಗೆ ಪ್ರವೇಶ ಉಚಿತ, ಅವುಗಳ ಎಷ್ಟೋ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಬಾಡಿಗೆ ಅರ್ಧಕ್ಕರ್ಧ. ಅಮೆರಿಕದ ಪೌರರೇ ಆಗಬೇಕಿಲ್ಲ, ಗ್ರೀನ್ ಕಾರ್ಡ್ ಇದ್ದರೂ ಸಿಗುತ್ತದೆ.

ಓಡಿಸುವುದನ್ನು ನಾನೂ ಕಲಿತೆ. ಭಾನುವಾರ ಬೆಳಿಗ್ಗೆ ಖಾಲಿ ಇರುವ ಒಂದು ಪಾರ್ಕಿಂಗ್ ಜಾಗದಲ್ಲಿ ಎಂಟು ವಾರ ಅಭ್ಯಾಸ ಮಾಡಿದೆವು. ಮುಂದಕ್ಕೆ ಹೋಗುವುದು ಕಷ್ಟವಲ್ಲ. ತಿರುಗಿಸುವಾಗ ಹಿಂಬದಿ ಎದುರು ದಿಕ್ಕಿಗೆ ಬೀಸುತ್ತದೆ, ಅದು ತಲೆಗೆ ಹತ್ತಲು ಸಮಯ ಬೇಕು. ರಿವರ್ಸ್ ಹಾಕುವಾಗ ಒಬ್ಬರು ಕೆಳಗಿಳಿದು ಹೇಳಲೇಬೇಕು. ನಾವು ಒಂದು ನಿಯಮ ಮಾಡಿಕೊಂಡೆವು: ಎಡ ಬಲ ಅನ್ನಬಾರದು, ‘ನಿಮ್ಮ ಕಡೆ’, ‘ಬಾಗಿಲಿನ ಕಡೆ’ ಅನ್ನಬೇಕು. ‘ನಿಲ್ಲಿ’ ಅಂದ ತಕ್ಷಣ ಬ್ರೇಕ್, ಕಾರಣ ಆಮೇಲೆ. ಗಾಡಿಯ ಎತ್ತರ 11 ಅಡಿ 3 ಇಂಚು ಅಂತ ಚೀಟಿ ಬರೆದು ಸ್ಟೀರಿಂಗ್ ಪಕ್ಕದಲ್ಲಿ ಅಂಟಿಸಿದೆ. ಹಳೆಯ ಸೇತುವೆ ಕಂಡಾಗಲೆಲ್ಲ ಆ ಚೀಟಿ ನೋಡುತ್ತಿದ್ದೆ.

2025ರ ಜನವರಿ ಮೊದಲ ವಾರ ಹೊರಡಬೇಕಿತ್ತು. ಕೆಂಟಕಿಯಲ್ಲಿ ಹಿಮಬಿರುಗಾಳಿ ಎದ್ದು ದಾರಿಯೆಲ್ಲ ಮಂಜುಗಟ್ಟಿತು. ಒಂದು ವಾರ ಕಾದು 13ನೇ ತಾರೀಕು ಸೋಮವಾರ ಹೊರಟೆವು. ಗಾಡಿಯ ನೀರಿನ ಪೈಪುಗಳಲ್ಲಿ ನೀರಿನ ಬದಲು ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿತ್ತು. ಇಲ್ಲದಿದ್ದರೆ ಚಳಿಗೆ ಪೈಪು ಒಡೆಯುತ್ತದೆ. ಹಾಗಾಗಿ ಮೊದಲ ಮೂರು ದಿನ ನಲ್ಲಿ ತಿರುಗಿಸುವ ಹಾಗಿಲ್ಲ. ಕ್ಯಾನಿನ ನೀರು, ಗಂಜಿ, ಮನೆಯಿಂದ ಕಟ್ಟಿಕೊಂಡು ಬಂದ ಚಪಾತಿ, ಉಪ್ಪಿನಕಾಯಿ. ಸಿನ್ಸಿನಾಟಿ, ಲೂಯಿವಿಲ್, ನ್ಯಾಶ್‌ವಿಲ್, ಬರ್ಮಿಂಗ್‌ಹ್ಯಾಮ್ ದಾಟಿ ಸುಮಾರು 1,000 ಮೈಲಿ ಬಂದ ಮೇಲೆ ಅಲಬಾಮಾದ ಕಡಲಂಚು ಸಿಕ್ಕಿತು. ಊರಿನ ಹೆಸರು ಗಲ್ಫ್ ಶೋರ್ಸ್. ಅಲ್ಲಿ ಗಲ್ಫ್ ಸ್ಟೇಟ್ ಪಾರ್ಕ್ ಇದೆ. ಅದರ ಕ್ಯಾಂಪ್‌ಗ್ರೌಂಡಿನಲ್ಲಿ 500ರ ಹತ್ತಿರ ಜಾಗಗಳಿವೆ. ಒಂದು ಸಣ್ಣ ಪೇಟೆಯೇ ಅನ್ನಿ.

ಇಲ್ಲಿ ಫುಲ್ ಹುಕಪ್. ಅಂದರೆ ಪ್ರತಿ ಜಾಗದಲ್ಲೂ ನೀರಿನ ನಲ್ಲಿ, ವಿದ್ಯುತ್ ಪೆಟ್ಟಿಗೆ, ಕೊಳಚೆ ಬಿಡುವ ಗುಂಡಿ ಮೂರೂ ಇರುತ್ತವೆ. ಆಂಟಿಫ್ರೀಜ್ ಹೊರಗೆ ಹಾಕಿ ಪೈಪೆಲ್ಲ ತೊಳೆದು ನಲ್ಲಿಯಲ್ಲಿ ಮೊದಲ ಸಲ ನೀರು ಬಂದಾಗ ಕಾಫಿ ಮಾಡಿದೆ.

ಆರ್‌ವಿ ಅಂದ ಕೂಡಲೇ ಊರಿನ ನೆಂಟರು ಕೇಳುವ ಪ್ರಶ್ನೆ ಒಂದೇ, ಕಕ್ಕಸಿಗೆ ಏನು ಮಾಡುತ್ತೀರಿ? ಅದನ್ನೇ ಬಿಡಿಸಿ ಹೇಳುತ್ತೇನೆ. ಗಾಡಿಯ ಹೊಟ್ಟೆಯಲ್ಲಿ ಮೂರು ಟ್ಯಾಂಕ್ ಇರುತ್ತವೆ. ಒಂದು ಶುದ್ಧ ನೀರಿಗೆ. ಗ್ರೇ ಟ್ಯಾಂಕ್ ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿಗೆ. ಬ್ಲ್ಯಾಕ್ ಟ್ಯಾಂಕ್ ಕಕ್ಕಸಿಗೆ. ಮೊದಲ ವಾರ ನಾವು ಹೊಸಬರೆಲ್ಲ ಮಾಡುವ ತಪ್ಪನ್ನೇ ಮಾಡಿದೆವು. ಹೇಗೂ ಗುಂಡಿಗೆ ಪೈಪು ಹಾಕಿದೆಯಲ್ಲ ಅಂತ ಬ್ಲ್ಯಾಕ್ ಟ್ಯಾಂಕಿನ ಕವಾಟ ತೆರೆದೇ ಬಿಟ್ಟೆವು. ಹಾಗೆ ಬಿಟ್ಟರೆ ನೀರು ಮಾತ್ರ ಹರಿದುಹೋಗುತ್ತದೆ. ಗಟ್ಟಿ ಪದಾರ್ಥ ಒಳಗೇ ಗುಡ್ಡೆ ಬೀಳುತ್ತದೆ. ಪಕ್ಕದ ಜಾಗದ ಹಿರಿಯರೊಬ್ಬರು ನೋಡಿ, ಬಂದು ಮೆತ್ತಗೆ ಹೇಳಿದರು. ಕವಾಟ ಮುಚ್ಚಿಡಿ, ಮೂರರಲ್ಲಿ ಎರಡು ಪಾಲು ತುಂಬಲಿ, ಆಮೇಲೆ ಒಂದೇ ಸಲ ಬಿಡಿ.

ಅವತ್ತಿನಿಂದ ಅದು ನನ್ನ ಕೆಲಸವಾಯಿತು. ಮೊಣಕೈವರೆಗಿನ ಗ್ಲೌಸ್ ಹಾಕಿಕೊಳ್ಳುತ್ತೇನೆ. ಮೂರಿಂಚಿನ ಮಡಿಕೆ ಮಡಿಕೆ ಪೈಪಿನ ಒಂದು ತುದಿ ಗುಂಡಿಗೆ, ಇನ್ನೊಂದು ಗಾಡಿಗೆ. ತಿರುಗಿಸಿ ‘ಟಕ್’ ಅನ್ನುವವರೆಗೂ ಬಿಗಿ ಮಾಡಬೇಕು. ಎರಡು ಸಲ ಎಳೆದು ನೋಡುತ್ತೇನೆ. ಬ್ಲ್ಯಾಕ್ ಟ್ಯಾಂಕಿನ ಹಿಡಿ ಮೊದಲು. ಎಳೆದ ಕೂಡಲೇ ಪೈಪು ಹಾವಿನಂತೆ ಒಮ್ಮೆ ಮಿಸುಕುತ್ತದೆ. ಪೈಪಿನಲ್ಲಿ ಪಾರದರ್ಶಕವಾದ ಒಂದು ಬಾಗಿದ ತುಂಡು ಇದೆ, ಅದರಲ್ಲಿ ಎಲ್ಲ ಕಾಣುತ್ತದೆ. ಕಪ್ಪು ಕಂದಾಗಿ, ಕಂದು ತೆಳುವಾಗಿ, ಸದ್ದು ಸಣ್ಣದಾದಾಗ ಹಿಡಿ ಒಳಕ್ಕೆ. ಆಮೇಲೆ ಗ್ರೇ ಟ್ಯಾಂಕ್. ಸೋಪಿನ ನೀರು ಬಂದು ಪೈಪನ್ನೂ ತೊಳೆದುಬಿಡುತ್ತದೆ. ಈ ಕ್ರಮ ತಪ್ಪಿದರೆ ಪೈಪು ಗಲೀಜಾಗಿಯೇ ಉಳಿಯುತ್ತದೆ. ಕೊನೆಗೆ ಒಂದು ಬಕೆಟ್ ನೀರನ್ನು ಬ್ಲ್ಯಾಕ್ ಟ್ಯಾಂಕಿಗೆ ಹಾಕಿಡಬೇಕು, ತಳ ಒಣಗಬಾರದು. ಒಟ್ಟು ಹದಿನೈದು ನಿಮಿಷ. ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿದವಳು ನಾನು, ನನಗೆ ಇದರಲ್ಲಿ ಅಸಹ್ಯವೇನೂ ಅನ್ನಿಸಲಿಲ್ಲ. ಇವರು ಏಣಿ, ಚಾವಣಿ, ವೈರು ನೋಡಿಕೊಂಡರು.

ಗಲ್ಫ್ ಶೋರ್ಸ್‌ನ ಹೊಯ್ಗೆ ಮಾತ್ರ ನಾನು ಎಲ್ಲೂ ಕಾಣದ್ದು. ನಮ್ಮೂರಿನಲ್ಲಿ ಮರಳಿಗೆ ಹೊಯ್ಗೆ ಅನ್ನುತ್ತೇವೆ. ಇಲ್ಲಿನದು ಸಕ್ಕರೆಯಷ್ಟು ಬಿಳಿ. ಅಪಲೇಚಿಯನ್ ಬೆಟ್ಟಗಳಿಂದ ನದಿಗಳು ಹೊತ್ತು ತಂದು ಸಾವಿರಾರು ವರ್ಷ ತಿಕ್ಕಿ ತಿಕ್ಕಿ ಬಿಟ್ಟ ಬೆಣಚುಕಲ್ಲಿನ ಪುಡಿ. ಒಣ ಮರಳಿನ ಮೇಲೆ ಕಾಲೆಳೆದು ನಡೆದರೆ ಕಿರ್ ಕಿರ್ ಅನ್ನುತ್ತದೆ. ಆದರೆ ಕ್ಯಾಂಪ್‌ಗ್ರೌಂಡ್ ಇರುವುದು ಕೆರೆಗಳ ದಂಡೆಯಲ್ಲಿ. ಕಡಲು ರಸ್ತೆಯಾಚೆ, ಮೈಲಿಗೂ ಜಾಸ್ತಿ ದೂರ. ಮೊದಲ ರಾತ್ರಿ ಕಿಟಕಿ ತೆರೆದು ಕಿವಿಗೊಟ್ಟೆ. ಕಪ್ಪೆ ಕೂಗಿತು, ದೂರದಲ್ಲಿ ಲಾರಿ ಹೋಯಿತು. ಕಡಲು ಕೇಳಿಸಲಿಲ್ಲ.

ಆಮೇಲೆ ಬಂತು ಜನವರಿ 21. ನಾವು ಹಿಮ ಬಿಟ್ಟು ಓಡಿಬಂದಿದ್ದೆವು, ಹಿಮ ನಮ್ಮ ಹಿಂದೆಯೇ ಬಂತು. ಮಂಗಳವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಎಡೆಬಿಡದೆ ಬಿತ್ತು. ಪಕ್ಕದ ಮೊಬೈಲ್ ಅನ್ನುವ ನಗರದಲ್ಲಿ 7.5 ಇಂಚು. ಅಲ್ಲಿನ ಹಳೆಯ ದಾಖಲೆ 1895ರದ್ದು, ಅದೂ ಮುರಿಯಿತು. ನ್ಯೂ ಆರ್ಲಿಯನ್ಸ್‌ನಲ್ಲಿ 8 ಇಂಚು. ಲೂಸಿಯಾನಾದಲ್ಲಿ ಐ-10 ಹೆದ್ದಾರಿಯನ್ನೇ ಮುಚ್ಚಿದರು. ನಮ್ಮ ಎದುರಿನ ಜಾಗದಲ್ಲಿ ಲೂಸಿಯಾನಾದ ದಂಪತಿ ಇದ್ದರು. ಮನೆಗೆ ಹೋಗುವಂತಿಲ್ಲ, ಇಂಥ ಹಿಮ ಕಂಡವರೂ ಅಲ್ಲ. ಹಿಂದಿನ ಸಂಜೆಯೇ ನಾವು ಆ ಸಾಲಿನಲ್ಲಿ ಒಬ್ಬೊಬ್ಬರ ಹತ್ತಿರ ಹೋಗಿ ಹೇಳಿದ್ದೆವು. ಶುದ್ಧ ನೀರಿನ ಟ್ಯಾಂಕ್ ತುಂಬಿಸಿಕೊಳ್ಳಿ, ನಲ್ಲಿಯ ಪೈಪು ಕಳಚಿ ಒಳಗಿಡಿ, ಪಂಪಿನಲ್ಲಿ ನೀರು ಬಳಸಿ. ಸಿಂಕಿನ ಕೆಳಗಿನ ಬಾಗಿಲು ತೆರೆದಿಡಿ, ಬಿಸಿಗಾಳಿ ಪೈಪಿಗೆ ತಾಗಲಿ. ಮಿಷಿಗನ್ನಿನ ನಲವತ್ತು ಚಳಿಗಾಲ ಅವತ್ತು ಉಪಯೋಗಕ್ಕೆ ಬಂತು.

ವಿದ್ಯುತ್ತಿನ ಲೆಕ್ಕವೂ ಅವತ್ತೇ ಪಾಠವಾದದ್ದು. ನಮ್ಮದು 30 ಆಂಪ್ ಗಾಡಿ. 120 ವೋಲ್ಟಿಗೆ ಗುಣಿಸಿದರೆ 3,600 ವಾಟ್, ಅಷ್ಟರೊಳಗೇ ಸಂಸಾರ. ಹೀಟರ್ 1,500, ನೀರು ಕಾಯಿಸುವುದು 1,400. ಎರಡರ ಮೇಲೆ ನಾನು ಮಿಕ್ಸಿ ಹಾಕಿದೆ, ಎಲ್ಲ ಆರಿತು. ಆಮೇಲೆ ಬಾಯಿಬಿಟ್ಟು ಕೇಳುವ ರೂಢಿ ಮಾಡಿಕೊಂಡೆವು. ‘ಹೀಟರ್ ಆರಿಸ್ತೀರಾ, ಚಟ್ನಿ ರುಬ್ಬಬೇಕು’ ಅಂತ. ಗಾಡಿಯ ಹೊರಗಿದ್ದ ನೀರಿನ ಫಿಲ್ಟರ್ ತೆಗೆಯುವುದನ್ನು ಮಾತ್ರ ಮರೆತಿದ್ದೆವು. ಬೆಳಗಾಗುವಷ್ಟರಲ್ಲಿ ಸೀಳಿತ್ತು. ಅದೊಂದೇ ನಷ್ಟ.

ಹಿಮ ನಿಂತ ಮೇಲೆ ಕಡಲಿನ ಹತ್ತಿರ ಹೋದೆವು. ಬಿಳಿ ಹೊಯ್ಗೆಯ ಮೇಲೆ ಬಿಳಿ ಹಿಮ. ಎಲ್ಲಿ ಹಿಮ ಮುಗಿದು ಮರಳು ಶುರುವಾಗುತ್ತದೆ ಅಂತ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ, ಕಾಲಿಗೆ ಗೊತ್ತಾಗುತ್ತಿತ್ತು. ಒಂದು ಪೆಲಿಕನ್ ಕಂಬದ ಮೇಲೆ ಕೊಕ್ಕನ್ನು ಎದೆಗೊತ್ತಿ ಕೂತಿತ್ತು. ಇದೇ ಗಲ್ಫ್ ಶೋರ್ಸ್‌ಗೆ 2004ರ ಸೆಪ್ಟೆಂಬರ್ 16ರಂದು ಐವನ್ ಚಂಡಮಾರುತ ಬಡಿದಿತ್ತು. ಸರಿಯಾಗಿ ಹದಿನಾರು ವರ್ಷದ ಮೇಲೆ, 2020ರ ಸೆಪ್ಟೆಂಬರ್ 16ರಂದೇ ಸ್ಯಾಲಿ ಬಡಿಯಿತು. ಎರಡನ್ನೂ ಕಂಡ ಇಲ್ಲಿನ ಜನ ಅವತ್ತು ಹಿಮದಲ್ಲಿ ಮಕ್ಕಳ ಹಾಗೆ ಆಡುತ್ತಿದ್ದರು.

ಅಲ್ಲಿಂದ ಮಿಸಿಸಿಪ್ಪಿಯ ಓಷನ್ ಸ್ಪ್ರಿಂಗ್ಸ್‌ಗೆ ಬಂದೆವು. ಡೇವಿಸ್ ಬಾಯು ಅನ್ನುವ ಜಾಗ, ಗಲ್ಫ್ ಐಲ್ಯಾಂಡ್ಸ್ ನ್ಯಾಷನಲ್ ಸೀಶೋರ್‌ನದ್ದು. ಓಕ್ ಮರಗಳಿಂದ ಸ್ಪ್ಯಾನಿಷ್ ಮಾಸ್ ಅನ್ನುವ ಬೂದು ಬಣ್ಣದ ಗಿಡ ಜಡೆಯಂತೆ ಇಳಿಬಿದ್ದಿರುತ್ತದೆ. ಚೆಂದದ ಜಾಗ, ಆದರೆ ಜವುಗು ನೀರು, ಅಲೆಯಿಲ್ಲ. ಲೂಸಿಯಾನಾವನ್ನು ಎರಡು ದಿನದಲ್ಲಿ ದಾಟಿದೆವು. ಅಲ್ಲಿ ಅಚಾಫಲಾಯ ಜವುಗಿನ ಮೇಲೆ 18 ಮೈಲಿ ಉದ್ದದ ಸೇತುವೆ ಇದೆ. ಗಾಳಿ ಪಕ್ಕದಿಂದ ತಳ್ಳುವಾಗ ಆ 18 ಮೈಲಿ ಬಹಳ ಉದ್ದ ಅನ್ನಿಸಿತು. ಟೆಕ್ಸಸ್ ಹೊಕ್ಕ ಮೇಲೆ ಹೆದ್ದಾರಿ ಬಿಟ್ಟು ಬೊಲಿವರ್ ಕಡೆ ಇಳಿದೆವು. ಅಲ್ಲಿಂದ ಗ್ಯಾಲ್ವೆಸ್ಟನ್‌ಗೆ ಸರ್ಕಾರದ ಫೆರ್ರಿ, ಕಾಸಿಲ್ಲ. ಆರ್‌ವಿಯನ್ನೂ ಹತ್ತಿಸಿಕೊಳ್ಳುತ್ತಾರೆ, ಗ್ಯಾಸಿನ ಸಿಲಿಂಡರ್ ಬಂದ್ ಮಾಡಿರಬೇಕು. ಕಟಾಂಜನ ಹಿಡಿದು ನಿಂತಿದ್ದಾಗ ಎರಡು ಡಾಲ್ಫಿನ್ ಬೆನ್ನು ತೋರಿಸಿ ಮುಳುಗಿದವು. ಗಂಗೊಳ್ಳಿಯಲ್ಲಿ ದೋಣಿ ಹತ್ತುತ್ತಿದ್ದದ್ದು ನೆನಪಾಯಿತು.

ಫೆಬ್ರವರಿ 24ರವರೆಗೆ ಇದ್ದದ್ದು ರಾಕ್‌ಪೋರ್ಟ್ ಸುತ್ತಮುತ್ತ. ಅಲ್ಲಿನ ಗೂಸ್ ಐಲ್ಯಾಂಡ್ ಸ್ಟೇಟ್ ಪಾರ್ಕಿನಲ್ಲಿ ಎರಡು ವಾರ, ಉಳಿದದ್ದು ಖಾಸಗಿ ಪಾರ್ಕಿನಲ್ಲಿ. ನನ್ನ ಬೆರಳುಗಳು ಸಡಿಲಾದದ್ದು ಇಲ್ಲಿಯೇ. ಹಗಲು ತೆಳ್ಳನೆ ಬಿಸಿಲು, ರಾತ್ರಿ ಒಂದು ಹೊದಿಕೆ ಸಾಕು. ಚಳಿ ಇಳಿದದ್ದು ನನಗೆ ಗೊತ್ತಾದದ್ದು ದೋಸೆ ಹಿಟ್ಟಿನಿಂದ. ಮಿಷಿಗನ್ನಿನಲ್ಲಿ ಚಳಿಗಾಲ ಹಿಟ್ಟು ಹುಳಿಯಬೇಕೆಂದರೆ ಓವನ್ನಿನ ದೀಪ ಹಚ್ಚಿ ಒಳಗಿಡಬೇಕು. ಇಲ್ಲಿ ಸಂಜೆ ರುಬ್ಬಿ ಸಿಂಕಿನ ಪಕ್ಕ ಇಟ್ಟಿದ್ದೆ, ಅಷ್ಟೇ. ಬೆಳಿಗ್ಗೆ ಐದಕ್ಕೆ ಎದ್ದರೆ ಪಾತ್ರೆಯ ಮುಚ್ಚಳ ಮೇಲೆದ್ದು ಓರೆಯಾಗಿದೆ. ಸೌಟು ಅದ್ದಿದರೆ ಒಳಗೆಲ್ಲ ಸಣ್ಣ ಸಣ್ಣ ಗುಳ್ಳೆ. ಊರಿನ ಹುಳಿ ವಾಸನೆಯೇ. ನಾನು ಒಂದು ನಿಮಿಷ ಸುಮ್ಮನೆ ನೋಡುತ್ತಾ ನಿಂತೆ. ದೋಸೆ ಹೊಯ್ಯುವುದು ಮಾತ್ರ ಹೊರಗೆ, ಮೇಜಿನ ಮೇಲೆ. ಒಳಗೆ ಹೊಯ್ದರೆ ಹೊಗೆಯ ಅಲಾರಂ ಕೂಗಿಕೊಳ್ಳುತ್ತದೆ. ಮಿನೆಸೋಟಾದ, ಒಂಟಾರಿಯೋದ ಅಕ್ಕಪಕ್ಕದವರು ತಟ್ಟೆ ಹಿಡಿದು ಬಂದರು. ದೋಣಿಯಿಂದ ಇಳಿಸಿದ ಸಿಗಡಿಯನ್ನು ಬಂದರಿನಲ್ಲೇ ಕೊಂಡು ತಂದಿದ್ದೆ, ನಮ್ಮೂರಿನವರ ಬಾಯಲ್ಲಿ ಅದು ಚಟ್ಲಿ. ಕೊಬ್ಬರಿ ಹಾಕಿ ಸುಕ್ಕ ಮಾಡಿದೆ. ಎಪ್ಪತ್ತೆಂಟು ವರ್ಷದ ಒಬ್ಬಾಕೆ ಇದ್ದರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಒಂದು ವ್ಯಾನಿನಲ್ಲಿ ಬರುತ್ತಾರೆ. ಅವರು ನಾಲ್ಕು ದೋಸೆ ತಿಂದು, ಮಾರನೆಯ ದಿನ ಹಿಟ್ಟು ರುಬ್ಬುವುದನ್ನು ಕಲಿಯಲು ನೋಟ್‌ಬುಕ್ ತಂದರು.

ಗೂಸ್ ಐಲ್ಯಾಂಡ್ ಪಾರ್ಕಿಗೆ ಸೇರಿದ ಒಂದು ಓಕ್ ಮರ ಇದೆ. ಬಿಗ್ ಟ್ರೀ ಅಂತಲೇ ಹೆಸರು. ಸಾವಿರ ವರ್ಷಕ್ಕೂ ಹಳೆಯದು, ಬೊಡ್ಡೆಯ ಸುತ್ತಳತೆ 35 ಅಡಿ. 2017ರ ಆಗಸ್ಟಿನಲ್ಲಿ ಹಾರ್ವಿ ಚಂಡಮಾರುತ ನೆಲ ಮುಟ್ಟಿದ್ದು ಇದೇ ರಾಕ್‌ಪೋರ್ಟ್ ಬಳಿ. ಮನೆಗಳು ಹಾರಿದವು, ಸುತ್ತಲಿನ ಎಳೆಯ ಮರಗಳು ಬಿದ್ದವು, ಇದು ನಿಂತಿತು.

ಮರದ ಎದುರಿನ ಹೊಲದಲ್ಲಿ ನಾನು ಹೂಪಿಂಗ್ ಕ್ರೇನ್ ಕಂಡೆ. ಸಾರಸದ ಬಳಗದ ಹಕ್ಕಿ. ಐದಡಿ ಎತ್ತರ, ಮೈಯೆಲ್ಲ ಬಿಳಿ, ನೆತ್ತಿ ಕೆಂಪು. 1941ರಲ್ಲಿ ಈ ಕರಾವಳಿಗೆ ಬರುವ ಹಿಂಡಿನಲ್ಲಿ ಉಳಿದದ್ದು ಹದಿನೈದೋ ಹದಿನಾರೋ ಹಕ್ಕಿ. ಬೇಟೆ ನಿಲ್ಲಿಸಿ, ಜವುಗು ಉಳಿಸಿ, ಮೊಟ್ಟೆ ಕಾದು ಈಗ ಅದೇ ಹಿಂಡು 500 ದಾಟಿದೆ. ಕೆನಡಾದ ವುಡ್ ಬಫಲೋ ಉದ್ಯಾನದಿಂದ ಸುಮಾರು 2,500 ಮೈಲಿ ಹಾರಿ ಇಲ್ಲಿನ ಅರಾನ್ಸಸ್ ಜವುಗಿಗೆ ಬರುತ್ತವೆ. ಜೋಡಿಗಳು ಪ್ರತಿ ವರ್ಷ ತಮ್ಮ ಹಳೆಯ ಜಾಗಕ್ಕೇ ಬಂದಿಳಿಯುತ್ತವಂತೆ. ನಾನು ಕಂಡದ್ದು ಮೂರು. ತಾಯಿ, ತಂದೆ, ಇನ್ನೂ ಕುತ್ತಿಗೆಯಲ್ಲಿ ಕಂದು ಪುಕ್ಕ ಉಳಿದಿದ್ದ ಮರಿ. ಇನ್ನೊಂದು ದಿನ ದೋಣಿಯಲ್ಲಿ ಹೋದಾಗ ಒಂದು ಹಕ್ಕಿ ನೀಲಿ ಏಡಿ ಹಿಡಿದದ್ದನ್ನು ದುರ್ಬೀನಿನಲ್ಲಿ ನೋಡಿದೆ. ಏಡಿಯನ್ನು ದಡಕ್ಕೆ ತಂದು ಹಾಕಿತು. ಕೊಕ್ಕಿನಿಂದ ಒಂದು ಕೊಂಬು ಹಿಡಿದು ಒದರಿತು. ಕೊಂಬು ಕಳಚಿ ಬಿತ್ತು. ಇನ್ನೊಂದನ್ನೂ ಹಾಗೆಯೇ. ಆಮೇಲೆ ಮೈಯನ್ನು ಚಿಪ್ಪಿನ ಸಂದಿನಲ್ಲಿ ಕುಕ್ಕಿ ಕುಕ್ಕಿ ಬಿಡಿಸಿತು. ನನ್ನ ಅಮ್ಮ ಏಡಿ ಸಾಫು ಮಾಡುತ್ತಿದ್ದದ್ದೂ ಇದೇ ಕ್ರಮದಲ್ಲಿ. ಇವರ ಕೈಗೆ ದುರ್ಬೀನು ಕೊಟ್ಟೆ. ಇವರು ಬಹಳ ಹೊತ್ತು ವಾಪಸು ಕೊಡಲಿಲ್ಲ.

ಆದರೆ ಇಲ್ಲಿಯೂ ಕೊಲ್ಲಿಯೊಳಗಿನ ಕೊಲ್ಲಿ, ನೀರು ಕೆರೆಯಂತೆ ಶಾಂತ. ಆರು ವಾರವಾಗಿತ್ತು. ನಾಲ್ಕು ಕ್ಯಾಂಪ್‌ಗ್ರೌಂಡ್ ಕಳೆದಿದ್ದವು. ಕಡಲು ದಿನಾ ಕಾಣುತ್ತಿತ್ತು, ರಾತ್ರಿ ಕೇಳಿಸುತ್ತಿರಲಿಲ್ಲ. ನಾನು ಇವರಿಗೆ ಏನೂ ಹೇಳಿರಲಿಲ್ಲ. ಇವರೇ ಒಂದು ದಿನ ನಕ್ಷೆ ಹರಡಿಕೊಂಡು ಕೂತು, ‘ಪಾಡ್ರೆ ಐಲ್ಯಾಂಡಿಗೆ ಹೋಗೋಣ’ ಅಂದರು. ‘ಅಲ್ಲಿ ಕರೆಂಟಿಲ್ಲ, ನಲ್ಲಿಯಿಲ್ಲ. ಆದರೆ ಕಡಲು ಬಾಗಿಲಲ್ಲೇ ಇದೆ.’

ಪಾಡ್ರೆ ಐಲ್ಯಾಂಡ್ ನ್ಯಾಷನಲ್ ಸೀಶೋರ್ ಕಾರ್ಪಸ್ ಕ್ರಿಸ್ಟಿಯ ಆಚೆ ಇದೆ. 70 ಮೈಲಿ ಉದ್ದಕ್ಕೂ ಮನೆಯಿಲ್ಲ, ಹೋಟೆಲಿಲ್ಲ, ಬರೀ ಮರಳಿನ ದ್ವೀಪ. ಒಂದು ಕಡೆ ಲಗೂನಾ ಮ್ಯಾಡ್ರೆ ಅನ್ನುವ ಉಪ್ಪುನೀರಿನ ಹಿನ್ನೀರು, ಇನ್ನೊಂದು ಕಡೆ ಮೆಕ್ಸಿಕೋ ಕೊಲ್ಲಿ. ನಡುವಿನ ರಸ್ತೆಯಲ್ಲಿ ನಾನೇ ಓಡಿಸುತ್ತಿದ್ದೆ. ಎರಡು ಕಡೆಯೂ ನೀರಿನ ಬೆಳಕು. ಮರವಂತೆ ಅಲ್ವಾ ಇದು ಅಂತ ಬಾಯಿಗೆ ಬಂತು.

ಅಲ್ಲಿನ ಮ್ಯಾಲಕೀಟ್ ಕ್ಯಾಂಪ್‌ಗ್ರೌಂಡಿಗೆ ಆಗ ಮುಂಗಡ ಬುಕಿಂಗ್ ಇರಲಿಲ್ಲ, ಮೊದಲು ಬಂದವರಿಗೆ ಜಾಗ. ಫೆಬ್ರವರಿ 24ರ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೇ ಹೋಗಿ ಸುತ್ತು ಹಾಕಿದೆವು. ಒಬ್ಬರು ಹೊರಡುತ್ತಿದ್ದರು. ಅವರು ಗಾಡಿ ತೆಗೆಯುವವರೆಗೂ ಕಾದು ಅದೇ ಜಾಗಕ್ಕೆ ಹಾಕಿದೆವು. ಹಿಂಬದಿಯ ಕಿಟಕಿಯಾಚೆ ತಗ್ಗಾದ ಮರಳ ದಿಬ್ಬ, ಅದರಾಚೆ ಕಡಲು. ಒಂದೇ ಸಲಕ್ಕೆ 14 ದಿನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ.

ಹುಕಪ್ ಇಲ್ಲದ ಕಡೆ ಬದುಕುವುದು ಬೇರೆಯದೇ ಕಲೆ. ಚಾವಣಿಯ ಸೋಲಾರ್ ಪ್ಯಾನಲ್ಲು ಬ್ಯಾಟರಿ ತುಂಬಿಸುತ್ತಿತ್ತು. ದೀಪಕ್ಕೆ, ಪಂಪಿಗೆ, ಚಾವಣಿಯ ಸಣ್ಣ ಫ್ಯಾನಿಗೆ ಸಾಕು. ಮಿಕ್ಸಿ ಇಲ್ಲ, ಕಲ್ಲಿನಲ್ಲಿ ಕುಟ್ಟಿದ ಚಟ್ನಿ. ನೀರು 40 ಗ್ಯಾಲನ್, ಅಷ್ಟೇ. ಅಕ್ಕಪಕ್ಕದವರಿಗೆ ಷವರಿನಲ್ಲಿ ಮೂರು ದಿನಕ್ಕೆ ಟ್ಯಾಂಕ್ ಖಾಲಿಯಾಗುತ್ತಿತ್ತು. ನಾವು ಬಕೆಟ್, ಚೊಂಬು ತೆಗೆದೆವು. ಒಬ್ಬರಿಗೆ ಎರಡು ಗ್ಯಾಲನ್ ಬಿಸಿನೀರು. ಬಚ್ಚಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಚೊಂಬಿನಲ್ಲಿ ಹೊಯ್ದುಕೊಂಡರೆ ಮೈ ಎಷ್ಟು ಚೆನ್ನಾಗಿ ನೆನೆಯುತ್ತದೆ ಅನ್ನುವುದನ್ನೇ ಮರೆತಿದ್ದೆವು. ನಮಗೆ ಆರು ದಿನ ಬಂತು. ಆರನೆಯ ದಿನ ಕ್ಯಾಂಪ್‌ಗ್ರೌಂಡಿನ ಬಾಗಿಲಲ್ಲಿರುವ ಡಂಪ್ ಸ್ಟೇಷನ್ನಿಗೆ ಹೋಗಿ, ಕೊಳಚೆ ಬಿಟ್ಟು, ನೀರು ತುಂಬಿಸಿಕೊಂಡು ಬಂದೆವು.

ಬೆಳಿಗ್ಗೆ ದಡದಲ್ಲಿ ನಡೆಯುವಾಗ ನೀಲಿ ಗುಳ್ಳೆಗಳು ಬಿದ್ದಿರುತ್ತಿದ್ದವು, ಪೋರ್ಚುಗೀಸ್ ಮ್ಯಾನ್ ಓ ವಾರ್ ಅನ್ನುವ ಲೋಳೆಮೀನಿನಂಥ ಜೀವಿ. ಒಣಗಿ ಸತ್ತಿದ್ದರೂ ಮುಟ್ಟಿದರೆ ಸುಡುತ್ತದೆ. ಇದು ಕೆಂಪ್ಸ್ ರಿಡ್ಲಿ ಆಮೆ ಮೊಟ್ಟೆಯಿಡುವ ಕಡಲು. ಅಳಿದೇಹೋಗುವ ಹಂತದಲ್ಲಿದ್ದ ಈ ಆಮೆಯ ಮೊಟ್ಟೆಗಳನ್ನು 1978ರಿಂದ 1988ರವರೆಗೆ ಮೆಕ್ಸಿಕೋದಿಂದ ಇಲ್ಲಿಗೆ ತಂದರು. ಮರಿಗಳನ್ನು ಈ ಮರಳಿನ ಮೇಲೆ ನಡೆಸಿದರು, ದೊಡ್ಡವಾದ ಮೇಲೆ ಇದೇ ತಮ್ಮ ಊರು ಅಂತ ತಿರುಗಿ ಬರಲಿ ಅಂತ. ಈಗ ಪ್ರತಿ ಬೇಸಿಗೆ ಬಂದು ಮೊಟ್ಟೆಯಿಡುತ್ತವೆ. ಕುಂದಾಪುರದ ಕೋಡಿಯಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲಿ ಇದಕ್ಕೆ ದಾಯಾದಿ. ಅಲ್ಲಿ ಈಗ ಊರಿನ ಹುಡುಗರು ಗೂಡಿಗೆ ಬೇಲಿ ಕಟ್ಟಿ ಕಾಯುತ್ತಾರೆ. ನಾವು ಮಾರ್ಚಿನಲ್ಲೇ ಹೊರಡಬೇಕಿತ್ತು, ಆಮೆ ಕಾಣಲಿಲ್ಲ. ಇನ್ನೊಂದು ವರ್ಷ ಜೂನಿನಲ್ಲಿ ಬಂದು ಮರಿ ಬಿಡುವುದನ್ನು ನೋಡಬೇಕು ಅಂತ ಆಸೆಯಿದೆ.

ಮೊದಲ ರಾತ್ರಿಯದ್ದು ಹೇಳುವುದು ಉಳಿದಿದೆ. ಸಂಜೆ ಗಾಳಿ ಎದ್ದಿತ್ತು. ಊಟ ಮುಗಿಸಿ ಅಟ್ಟದ ಮಂಚಕ್ಕೆ ಹತ್ತದೆ ಹಿಂಬದಿಯ ಹಾಸಿಗೆಯಲ್ಲೇ ಮಲಗಿದೆವು. ನಾನು ಕಿಟಕಿ ಒಂದು ಗೇಣು ತೆರೆದೆ. ತಲೆಯ ಮೇಲೆ ಫ್ಯಾನ್ ಗುಂಯ್ ಅನ್ನುತ್ತಿತ್ತು. ಅದರ ಕೆಳಗೆ, ದೂರದಲ್ಲಿ, ಇನ್ನೊಂದು ಸದ್ದು ಇದ್ದ ಹಾಗಿತ್ತು. ಇದೆಯೋ ಇಲ್ಲವೋ ಅನ್ನುವಷ್ಟು. ನಾನು ತಲೆದಿಂಬಿನಿಂದ ತಲೆ ಎತ್ತಿ ಕಿಟಕಿಯ ಕಡೆ ತಿರುಗಿದೆ. ಇವರು ಕತ್ತಲಲ್ಲಿ ಎದ್ದು ಕೂತರು. ಕೈ ಚಾಚಿ ಫ್ಯಾನ್ ಆರಿಸಿದರು. ಕಿಟಕಿಯನ್ನು ಪೂರ್ತಿ ತೆರೆದು, ತಿರುಗಿ ನನ್ನ ಪಕ್ಕ ಮಲಗಿದರು.